ಗಂಧ ತೇಯುವ ಹಾಗೆ: ಗಾಜಿನ ಮೀನುತೊಟ್ಟಿಗೆ ತೂತು ಕೊರೆಯುವ ಬಗೆ

"ನೀರು ನಿಲ್ಲಬೇಕಾದ ಪಾತ್ರೆಗೆ ಯಾರಾದರೂ ತೂತು ಹಾಕುತ್ತಾರೆಯೇ?" ಎಂದು, ಹೊಸ ಮೀನುತೊಟ್ಟಿಯ ಗಾಜಿಗೆ ತೂತು ಕೊರೆಯೋಣ ಎಂದ ನನ್ನನ್ನು ಭಾವ ಗಲ್ಲಾದಿಂದ ಎದ್ದು ನಿಂತು ಕೇಳಿದರು. ಅವರ ಹೋಟೆಲ್ ಇರುವುದು ಮುಂಬಯಿಯ ಘಾಟ್‌ಕೋಪರ್‌ನಲ್ಲಿ. ಕುಂದಾಪುರದ ಕಡೆಯಿಂದ ಬಂದು, ಮೂವತ್ತು ವರ್ಷ ಇಡ್ಲಿ, ವಡೆ, ದೋಸೆ ಮಾರಿ ಬೆಳೆಸಿದ ಹೋಟೆಲ್. ಗಲ್ಲಾದ ಪಕ್ಕದಲ್ಲಿದ್ದ ಪುಟ್ಟ ತೊಟ್ಟಿಯಲ್ಲಿ ಗೋಲ್ಡ್‌ಫಿಶ್‌ಗಳು ಒಂದೊಂದಾಗಿ ಸಾಯುತ್ತಿದ್ದವು. ನೀರಿನ ಮೇಲೆ ಯಾವಾಗ ನೋಡಿದರೂ ಎಣ್ಣೆಯ ತೆಳು ಪೊರೆ. ಒಗ್ಗರಣೆಯ ಹೊಗೆ ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂಬುದು ಹೋಟೆಲಿನ ಫ್ಯಾನಿನ ರೆಕ್ಕೆ ಒರೆಸಿದವರಿಗೆಲ್ಲ ಗೊತ್ತು. ನೀರಿನ ಮೈಮೇಲೂ ಅದು ಕೂರುತ್ತದೆ.

ಮೀನು ಉಸಿರಾಡುವ ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. ಗುಳ್ಳೆ ಬಿಡುವ ಏರ್ ಪಂಪ್ ಮಾಡುವ ದೊಡ್ಡ ಉಪಕಾರವೂ ಮೇಲ್ಮೈಯನ್ನು ಕದಡುವುದೇ. ಅಲ್ಲಿ ಎಣ್ಣೆ ಮತ್ತು ಧೂಳಿನ ಪೊರೆ ಕಟ್ಟಿದರೆ ಆ ಕೊಡುಕೊಳ್ಳುವಿಕೆ ಕುಗ್ಗುತ್ತದೆ. ತೊಟ್ಟಿಯೊಳಗೆ ಇಳಿಬಿಡುವ ಸಾಮಾನ್ಯ ಫಿಲ್ಟರ್ ನೀರನ್ನು ಕೆಳಗಿನಿಂದ ಎಳೆಯುತ್ತದೆ, ಮೇಲಿನ ಪೊರೆಯನ್ನು ಮುಟ್ಟುವುದೇ ಇಲ್ಲ. ಕುದಿಯುವ ಹಾಲಿನ ಕೆನೆಯನ್ನು ಪಾತ್ರೆಯ ಅಂಚಿನಿಂದ ಹರಿಯಬಿಟ್ಟಂತೆ, ತೊಟ್ಟಿಯ ನೀರನ್ನು ಅದರ ಮೇಲ್ಮೈಯಿಂದಲೇ ಹೊರಗೆ ಹರಿಸಬೇಕು. ಹಾಗೆ ಹರಿದ ನೀರು ಕೆಳಗಿನ ಕಪಾಟಿನಲ್ಲಿಟ್ಟ ಇನ್ನೊಂದು ತೊಟ್ಟಿಗೆ ಇಳಿಯುತ್ತದೆ. ಅದಕ್ಕೆ ಸಂಪ್ ಎನ್ನುತ್ತಾರೆ. ಅಲ್ಲಿ ಸ್ಪಂಜು, ಹತ್ತಿ, ಸೆರಾಮಿಕ್ ಉಂಗುರಗಳ ನಡುವೆ ಸೋಸಿಕೊಂಡು ಪಂಪಿನ ಮೂಲಕ ಮತ್ತೆ ಮೇಲಕ್ಕೆ ಏರುತ್ತದೆ. ಮೇಲಿನ ತೊಟ್ಟಿಯ ನೀರಿನ ಮಟ್ಟ ಸದಾ ಒಂದೇ ಕಡೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಆವಿಯಾದದ್ದೆಲ್ಲ ಸಂಪಿನಲ್ಲಿ ಕಡಿಮೆಯಾಗುತ್ತದೆ, ಗಿರಾಕಿಗಳ ಕಣ್ಣಿಗೆ ಬೀಳುವ ತೊಟ್ಟಿಯಲ್ಲಿ ಅಲ್ಲ.

ತೂತು ಕೊರೆಯದೆಯೂ ಇದನ್ನು ಮಾಡಬಹುದು. ಅಂಚಿಗೆ ನೇತುಹಾಕುವ ಸೈಫನ್ ಪೆಟ್ಟಿಗೆಗಳಿವೆ. ತಲೆಕೆಳಗಾದ ಯು ಆಕಾರದ ಕೊಳವೆ ನೀರನ್ನು ಗಾಜಿನ ಅಂಚಿನ ಮೇಲಿಂದ ಹತ್ತಿಸಿ ಆಚೆಗೆ ಇಳಿಸುತ್ತದೆ. ಚೆಂಬೂರಿನ ನಮ್ಮ ಮನೆಯಲ್ಲಿ ಮೊದಲು ಅದೇ ಇತ್ತು. 2020ರ ಅಕ್ಟೋಬರ್ 12ರಂದು ಮುಂಬಯಿ ಮತ್ತು ಸುತ್ತಲಿನ ಊರುಗಳಿಗೆಲ್ಲ ಒಮ್ಮೆಲೇ ವಿದ್ಯುತ್ ಹೋಯಿತು. ರೈಲುಗಳು ಹಳಿಯ ಮೇಲೇ ನಿಂತವು. ಕರೆಂಟು ಹೋದಾಗ ಪಂಪ್ ನಿಂತಿತು, ಕೊಳವೆಯೊಳಗೆ ಗಾಳಿ ಸೇರಿತು, ಸೈಫನ್ನಿನ ಹರಿವು ಕಡಿಯಿತು. ಮತ್ತೆ ಕರೆಂಟು ಬಂದಾಗ ಪಂಪ್ ನಿಯತ್ತಾಗಿ ನೀರನ್ನು ಮೇಲಕ್ಕೆ ಕಳಿಸಿತು, ಆದರೆ ಹಿಂದಕ್ಕೆ ಬರುವ ದಾರಿ ಸತ್ತಿತ್ತು. ನಾನು ಮನೆಗೆ ಬರುವಷ್ಟರಲ್ಲಿ ಸಂಪಿನ ನೀರೆಲ್ಲ ನಡುಮನೆಯ ನೆಲದ ಮೇಲಿತ್ತು, ಕೆಳಗಿನ ಮನೆಯವರ ಚಾವಣಿಯಿಂದ ತೊಟ್ಟಿಕ್ಕುತ್ತಿತ್ತು. ಗಾಜಿನಲ್ಲಿ ಕೊರೆದ ತೂತಿಗೆ ಈ ಮರೆವಿಲ್ಲ. ನೀರು ಅದರ ಮಟ್ಟಕ್ಕೆ ಏರಿದರೆ ಇಳಿಯಲೇಬೇಕು, ಗಾಳಿ ಸೇರಿದರೂ ಇಳಿಯುತ್ತದೆ. ಗುರುತ್ವಾಕರ್ಷಣೆಗೆ ಕರೆಂಟು ಬೇಡ. ಆ ದಿನದ ನಂತರ ನಾನು ತೂತಿನ ಪಕ್ಷದವನು.

ಗಾಜು ಹೇಗೆ ಒಡೆಯುತ್ತದೆ

ಭಾವನ ಹೆದರಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಗಾಜು ಏಕೆ ಒಡೆಯುತ್ತದೆ ಎಂದು ತಿಳಿದರೆ, ಒಡೆಯದಂತೆ ಕೊರೆಯುವುದು ಹೇಗೆ ಎಂಬುದು ಅದರೊಳಗಿಂದಲೇ ಹೊರಬರುತ್ತದೆ. ಆದ್ದರಿಂದ ಡ್ರಿಲ್ ಹಿಡಿಯುವ ಮೊದಲು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಟ್ಟೆ ಅಂಗಡಿಯವರು ಥಾನಿನಿಂದ ಬಟ್ಟೆ ಹರಿಯುವುದನ್ನು ನೋಡಿದ್ದೀರಿ. ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕುತ್ತಾರೆ, ಎರಡು ಕೈಯಲ್ಲಿ ಹಿಡಿದು ಎಳೆಯುತ್ತಾರೆ, ಪರ್ ಎಂದು ನೇರವಾಗಿ ಹರಿದುಹೋಗುತ್ತದೆ. ಕಚ್ಚು ಇಲ್ಲದೆ ಎಳೆದರೆ ಇಬ್ಬರಿಂದಲೂ ಆಗದು. ಎಳೆತವೆಲ್ಲ ಆ ಕಚ್ಚಿನ ತುದಿಯಲ್ಲಿ ಬಂದು ಸೇರಿಕೊಳ್ಳುವುದೇ ಇದರ ಗುಟ್ಟು. ಗಾಜು ಕೂಡ ಹೀಗೆಯೇ. ಗಾಜಿನ ಅಂಗಡಿಯವರು ಕಟರ್‌ನಿಂದ ಒಂದು ಗೀರು ಎಳೆದು ಮುರಿಯುತ್ತಾರಲ್ಲ, ಅದು ಬಟ್ಟೆ ಹರಿಯುವ ವಿದ್ಯೆಯೇ.

ತಾಮ್ರದ ತಂಬಿಗೆ ಬಿದ್ದರೆ ತಗ್ಗಾಗುತ್ತದೆ, ಒಡೆಯುವುದಿಲ್ಲ. ಲೋಹದೊಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಬಲ್ಲವು. ಬಿರುಕಿನ ತುದಿಯಲ್ಲಿ ಎಳೆತ ಹೆಚ್ಚಾದಾಗ ಅಲ್ಲಿನ ಲೋಹ ಬಾಗಿ, ತುದಿ ಮೊಂಡಾಗಿ, ಬಿರುಕು ನಿಲ್ಲುತ್ತದೆ. ಗಾಜಿಗೆ ಆ ಬಾಗುವ ಗುಣವಿಲ್ಲ. ಅದರಲ್ಲಿ ಬಿರುಕಿನ ತುದಿ ಕೊನೆಯವರೆಗೂ ಚೂಪಾಗಿಯೇ ಇರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಇದನ್ನು ಗಾಜಿನ ಎಳೆಗಳ ಮೇಲೆಯೇ ತೋರಿಸಿದರು. ಎಳೆ ತೆಳ್ಳಗಾದಷ್ಟೂ ಅದರ ಬಲ ಹೆಚ್ಚುತ್ತಿತ್ತು. ನಮ್ಮ ಕೈಗೆ ಬರುವ ಗಾಜು ಅದರ ಪರಮಾಣುಗಳ ಬಂಧಕ್ಕೆ ತಕ್ಕಷ್ಟು ಗಟ್ಟಿಯಾಗಿರದೆ ಎಷ್ಟೋ ಪಟ್ಟು ದುರ್ಬಲವಾಗಿರುವುದಕ್ಕೆ ಕಾರಣ ಅದರ ಮೈಮೇಲಿನ, ಕಣ್ಣಿಗೆ ಕಾಣದ ಗೀರುಗಳು.

ಇನ್ನೊಂದು ಮಾತು ಇದರ ಜೊತೆಗೇ ಬರುತ್ತದೆ. ಗಾಜನ್ನು ಒತ್ತಿದರೆ ಅದು ತಾಳಿಕೊಳ್ಳುತ್ತದೆ, ಏಕೆಂದರೆ ಒತ್ತಡ ಬಿರುಕನ್ನು ಮುಚ್ಚುತ್ತದೆ. ಎಳೆದರೆ ತಾಳುವುದಿಲ್ಲ, ಎಳೆತ ಬಿರುಕನ್ನು ತೆರೆಯುತ್ತದೆ. ಗಾಜಿನ ಹಲಗೆಯನ್ನು ಮೇಲಿನಿಂದ ಬಾಗಿಸಿದಾಗ ಮೇಲ್ಮೈ ಒತ್ತಿಸಿಕೊಳ್ಳುತ್ತದೆ, ಅಡಿಮೈ ಎಳೆಸಿಕೊಳ್ಳುತ್ತದೆ, ಒಡೆತ ಶುರುವಾಗುವುದು ಅಡಿಯಿಂದ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ಸುಲಭ.

ಹಾಗಾದರೆ ತೂತು ಎನ್ನುವುದೂ ಒಂದು ಕಚ್ಚೇ ಅಲ್ಲವೇ? ಹೌದು, ಆದರೆ ದುಂಡಗಿನ ಕಚ್ಚು. ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ, ಒಂದು ಕಡೆಗೆ ಎಳೆಯುತ್ತಿರುವ ದೊಡ್ಡ ಹಲಗೆಯ ನಡುವೆ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ತೂತು ಚಿಕ್ಕದಿರಲಿ ದೊಡ್ಡದಿರಲಿ, ಮೂರೇ ಪಟ್ಟು. ಚೌಕದ ತೂತಿನ ಚೂಪು ಮೂಲೆಯಲ್ಲಿ ಇದು ಬಹಳ ಹೆಚ್ಚುತ್ತದೆ. ದುಂಡು ತೂತಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದರೆ ಅದೂ ಚೂಪು ಮೂಲೆಯೇ. ಹೀಗಾಗಿ ತೂತಿಗಿಂತ ತೂತಿನ ಅಂಚಿಗೆ ಹೆದರಬೇಕು.

ಮೂರು ಪಟ್ಟು ಎಂದರೆ ಎಷ್ಟರ ಮೂರು ಪಟ್ಟು ಎಂಬುದನ್ನೂ ನೋಡಬೇಕು. ಭಾವನಿಗೆ ಬೇಕಿದ್ದ ತೊಟ್ಟಿ 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ತುಂಬಿದರೆ 243 ಲೀಟರ್, ಅಂದರೆ 243 ಕಿಲೋ ನೀರು. 10 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 25 ಕಿಲೋ ತೂಗುತ್ತದೆ, ಹಾಗಾಗಿ ತೊಟ್ಟಿಯ ಗಾಜೇ ಸುಮಾರು 50 ಕಿಲೋ. ನೀರಿನ ಒತ್ತಡ ಆಳವನ್ನು ಮಾತ್ರ ನೋಡುತ್ತದೆ. ತಳದಲ್ಲಿ ಚದರ ಸೆಂಟಿಮೀಟರಿಗೆ 45 ಗ್ರಾಂ, ನೀರಿನ ಮಟ್ಟದಿಂದ ಮೂರು ಸೆಂಟಿಮೀಟರ್ ಕೆಳಗೆ ಬರೀ 3 ಗ್ರಾಂ. ಇಡೀ ಹಿಂಬದಿಯ ಗಾಜಿನ ಮೇಲೆ ಬೀಳುವ ಭಾರ ಸುಮಾರು 120 ಕಿಲೋ ಎಂದು ಕೇಳಿದರೆ ಎದೆ ನಡುಗುತ್ತದೆ, ಆದರೆ ಅದರ ಬಹುಪಾಲು ಕೆಳಗಿನ ಅರ್ಧದಲ್ಲಿದೆ. ನಾವು ಕೊರೆಯುವುದು ಮೇಲಿನ ಪಟ್ಟಿಯಲ್ಲಿ. ತಳದ ಗಾಜಿನಲ್ಲಿ ಕೊರೆಯುವವರೂ ಇದ್ದಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಮೇಲಿನ ತೂತಿನ ರಬ್ಬರ್ ಸೋರಿದರೆ ತೊಟ್ಟಿಯ ನೀರು ನಾಲ್ಕು ಬೆರಳಷ್ಟು ಇಳಿದು ನಿಲ್ಲುತ್ತದೆ, ತಳದ ತೂತು ಸೋರಿದರೆ ಮೀನಿಗೆ ನೀರೇ ಉಳಿಯುವುದಿಲ್ಲ.

ಸಾದಾ ಗಾಜೋ, ಟಫನ್ ಗಾಜೋ

ಕುರ್ಲಾದ ತೊಟ್ಟಿ ಕಟ್ಟುವವರ ಬಾಯಲ್ಲಿ ಗಾಜಿಗೆ ಎರಡೇ ಜಾತಿ: 'ಸಾದಾ' ಮತ್ತು 'ಟಫನ್'. ಇವೆರಡನ್ನು ಬೇರೆ ಮಾಡಿ ತಿಳಿಯದೆ ಡ್ರಿಲ್ ಮುಟ್ಟಬಾರದು.

ಸಾದಾ ಗಾಜು ಎಂದರೆ ಕರಗಿದ ತವರದ ಮೇಲೆ ತೇಲಿಸಿ ತಯಾರಿಸಿದ ಫ್ಲೋಟ್ ಗಾಜು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನ ಇದು. ತೇಲಿದ ಗಾಜನ್ನು ಉದ್ದನೆಯ ಗೂಡಿನಲ್ಲಿ ನಿಧಾನವಾಗಿ ಆರಿಸುತ್ತಾರೆ. ಹಾಗಾಗಿ ಅದರೊಳಗೆ ಹೇಳಿಕೊಳ್ಳುವಂಥ ಬಿಗಿತ ಉಳಿದಿರುವುದಿಲ್ಲ. ಇದನ್ನು ಕತ್ತರಿಸಬಹುದು, ಕೊರೆಯಬಹುದು.

ಟಫನ್ ಗಾಜು ಅದೇ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ಸರಕ್ಕನೆ ತಣಿಸಿದ್ದು. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಭಾಗ ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಕೊನೆಗೆ ಹೊರಮೈಯಲ್ಲಿ ಒತ್ತಡ, ಒಡಲಿನಲ್ಲಿ ಎಳೆತ, ಎರಡೂ ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಹೊರಮೈ ಒತ್ತಿಕೊಂಡಿರುವುದರಿಂದ ಗೀರುಗಳು ತೆರೆದುಕೊಳ್ಳುವುದಿಲ್ಲ, ಗಾಜು ಸಾದಾಕ್ಕಿಂತ ನಾಲ್ಕು ಪಟ್ಟು ಬಲವಾಗುತ್ತದೆ. ಆದರೆ ಡ್ರಿಲ್ ಆ ಹೊರಪದರವನ್ನು ದಾಟಿ ಎಳೆತದ ಒಡಲನ್ನು ಮುಟ್ಟಿದ ಕ್ಷಣದಲ್ಲಿ ಸಮತೋಲ ಹೋಗಿ ಇಡೀ ಹಲಗೆ ಕಲ್ಲುಸಕ್ಕರೆಯಂಥ ತುಂಡುಗಳಾಗಿ ಸುರಿಯುತ್ತದೆ. ಇದಕ್ಕೆ ಡ್ರಿಲ್ಲಿನ ತುದಿಗೆ ಹಾಕುವ ಬಿಟ್ಟಿನ ಬೆಲೆಯಾಗಲಿ, ಕೈಯ ನಾಜೂಕಾಗಲಿ ಉಪಾಯವಲ್ಲ. ಟಫನ್ ಗಾಜಿನಲ್ಲಿ ತೂತು ಬೇಕಿದ್ದರೆ ಕಾಯಿಸುವ ಮೊದಲೇ ಕೊರೆಸಬೇಕು.

ಟಫನ್ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ಮಾಸಲು ಮುದ್ರೆ ಇರುತ್ತದೆ. ಅಂಚಿನ ಪಟ್ಟಿಯೊಳಗೆ ಅದು ಮುಚ್ಚಿಹೋಗಿರಬಹುದು, ಆದ್ದರಿಂದ ಮುದ್ರೆ ಕಾಣದಿದ್ದ ಮಾತ್ರಕ್ಕೆ ಸಾದಾ ಗಾಜೆಂದು ನಂಬಬೇಡಿ. ಮನೆಯಲ್ಲೇ ಮಾಡಬಹುದಾದ ಒಂದು ಸೊಗಸಾದ ಪರೀಕ್ಷೆ ಇದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬರೀ ಬಿಳಿ ಪುಟ ತೆರೆದು ಅದನ್ನು ಗಾಜಿನ ಹಿಂದೆ ಇಡಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ನಡುವಿನ ಗಾಜನ್ನು ನೋಡಿ. ಸಾದಾ ಗಾಜಾದರೆ ಎಲ್ಲವೂ ಒಂದೇ ಸಮನೆ ಕಪ್ಪಾಗಿಯೇ ಇರುತ್ತದೆ. ಟಫನ್ ಆದರೆ ಬಿಳಿಯ ಮೋಡ, ಪಟ್ಟೆ, ಅಂಚಿನಲ್ಲಿ ಬಣ್ಣ ಮೂಡುತ್ತವೆ. ಗಾಜಿನೊಳಗಿನ ಬಿಗಿತ ಬೆಳಕಿನ ಕಂಪನದ ದಿಕ್ಕನ್ನು ಬದಲಿಸುವುದರಿಂದ ಹೀಗಾಗುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಎರಡು ಶತಮಾನಗಳ ಹಿಂದೆ ಕಂಡುಕೊಂಡ ಸಂಗತಿ. ಕಣ್ಣಿಗೆ ಕಾಣದ ಬಿಗಿತವನ್ನು ಹೀಗೆ ಕಣ್ಣಾರೆ ಕಂಡಾಗ ನನಗೆ ಆದ ಸಂತೋಷ ಇನ್ನೂ ಮಾಸಿಲ್ಲ. ಅಡ್ಡ, ಉದ್ದ, ಓರೆ, ಮೂರೂ ಕೋನಗಳಲ್ಲಿ ನೋಡಿ, ಐದೂ ಗಾಜುಗಳನ್ನು ಬೇರೆ ಬೇರೆಯಾಗಿ ನೋಡಿ. ಸುತ್ತ ಸಾದಾ ಗಾಜು, ತಳಕ್ಕೆ ಮಾತ್ರ ಟಫನ್ ಹಾಕಿದ ತೊಟ್ಟಿಗಳೂ ಇವೆ.

ಎಲ್ಲಿ, ಎಷ್ಟು ದೊಡ್ಡದು

ಮೊದಲು ಟ್ಯಾಂಕ್ ನಿಪ್ಪಲ್ ಕೊಳ್ಳಿ, ಆಮೇಲೆ ಬಿಟ್. ಮಹಡಿಯ ಮೇಲಿನ ಪ್ಲಾಸ್ಟಿಕ್ ತೊಟ್ಟಿಗೆ ಪೈಪ್ ಜೋಡಿಸಲು ಬಳಸುವ, ಮರೆಯುಳ್ಳ (ಅಂದರೆ ಸ್ಕ್ರೂವಿನಂಥ ತಿರುಪುಗಳಿರುವ), ರಬ್ಬರ್ ವಾಶರ್ ಇರುವ ಜೋಡಣೆಯೇ ನಿಪ್ಪಲ್. 'ಒಂದು ಇಂಚು' ಎನ್ನುವುದು ಅದರೊಳಗೆ ಕೂರುವ ಪೈಪಿನ ಅಳತೆ. ಮರೆಯ ಹೊರಸುತ್ತು ಬಹಳ ದಪ್ಪ, ಕಂಪನಿಯಿಂದ ಕಂಪನಿಗೆ ಬೇರೆ. ನಾನು ತಂದ ಒಂದು ಇಂಚಿನ ನಿಪ್ಪಲ್‌ಗೆ 45 ಮಿಲಿಮೀಟರ್ ತೂತು ಬೇಕಾಯಿತು. ಮರೆಗಿಂತ ತೂತು ಒಂದೆರಡು ಮಿಲಿಮೀಟರ್ ದೊಡ್ಡದಿರಬೇಕು. ಪ್ಲಾಸ್ಟಿಕ್ ಗಾಜಿಗೆ ತಾಗಿಕೊಂಡಿದ್ದರೆ ಪೈಪ್ ಅಲುಗಿದಾಗಲೆಲ್ಲ ತೂತಿನ ಅಂಚನ್ನು ಮೀಟುತ್ತದೆ.

ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕನಿಷ್ಠ ಒಂದು ತೂತಿನಷ್ಟು ಜಾಗ ಬಿಡಬೇಕು. ಎರಡು ತೂತುಗಳಿದ್ದರೆ ಅವುಗಳ ನಡುವೆಯೂ ಅಷ್ಟೇ. 45 ಮಿಲಿಮೀಟರ್ ತೂತಿನ ಮಧ್ಯಬಿಂದು ಮೇಲಂಚಿನಿಂದ ಏಳು ಸೆಂಟಿಮೀಟರ್ ಕೆಳಗೆ ಬಂತು. ನೀರು ಅಷ್ಟು ಕೆಳಗೆ ನಿಂತರೆ ತೊಟ್ಟಿ ಅರ್ಧ ಖಾಲಿ ಕಂಡೀತು ಎಂದು ಭಾವ ಕೇಳಿದರು. ಹಾಗಾಗುವುದಿಲ್ಲ. ಒಳಗಡೆ ನಿಪ್ಪಲ್‌ಗೆ ಒಂದು ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಪೈಪ್ ತುಂಡು, ಹಾಕಿ ಬಾಯಿ ಮೇಲೆ ಮಾಡಿದರೆ ನೀರು ಆ ಬಾಯಿಯ ಮಟ್ಟದವರೆಗೆ ಏರುತ್ತದೆ. ಎಲ್ಬೋ ಅಲ್ಪ ತಿರುಗಿಸಿದರೆ ಮಟ್ಟವೂ ಹೆಚ್ಚು ಕಡಿಮೆ ಆಗುತ್ತದೆ. ಮೀನು ಹೋಗದಂತೆ ಬಾಯಿಗೆ ಬಾಚಣಿಗೆಯಂಥ ಜಾಲರಿ ಹಾಕಬೇಕು.

ಎರಡು ತೂತು ಕೊರೆಯಿರಿ, ಒಂದಲ್ಲ. ಇದರಲ್ಲಿ ನಾನು ಹಟಮಾರಿ. ಒಂದು ದಿನನಿತ್ಯದ ದಾರಿ, ಇನ್ನೊಂದು ಆಪತ್ತಿನ ದಾರಿ, ಅದರ ಬಾಯಿ ಒಂದೂವರೆ ಸೆಂಟಿಮೀಟರ್ ಮೇಲೆ. ಒಂದು ಎಲೆಯೋ ಸತ್ತ ಮೀನೋ ಮೊದಲನೆಯದನ್ನು ಮುಚ್ಚಿದರೆ ನೀರು ಎರಡನೆಯದರಿಂದ ಹೋಗುತ್ತದೆ.

ತೇಯುವ ಕೆಲಸ

ಗಾಜು ಕೊರೆಯುವ ಬಿಟ್ಟಿಗೆ ಹಲ್ಲುಗಳಿಲ್ಲ. ಅದೊಂದು ಟೊಳ್ಳು ಉಕ್ಕಿನ ಕೊಳವೆ, ಅದರ ಬಾಯಿಯಂಚಿಗೆ ನಿಕಲ್ ಲೇಪದಲ್ಲಿ ವಜ್ರದ ಪುಡಿ ಕೂರಿಸಿರುತ್ತಾರೆ. ನಾಗದೇವಿ ಬೀದಿಯ ಉಪಕರಣದ ಅಂಗಡಿಗಳಲ್ಲಿ 'ಡೈಮಂಡ್ ಕೋರ್ ಬಿಟ್' ಎಂದರೆ ತೋರಿಸುತ್ತಾರೆ. ಮರ ಕೊರೆಯುವ ಬಿಟ್ ಸಿಪ್ಪೆ ಎಬ್ಬಿಸುತ್ತದೆ, ಇದು ಎಬ್ಬಿಸುವುದಿಲ್ಲ. ಸಾವಿರಾರು ವಜ್ರದ ಕಣಗಳು ಗಾಜಿನಿಂದ ಒಂದೊಂದು ಕಣ ಕಿತ್ತು ಪುಡಿ ಮಾಡುತ್ತವೆ. ಅಂದರೆ ಇದು ಸಾಣೆಕಲ್ಲಿನ ಮೇಲೆ ಗಂಧ ತೇಯುವ ಕೆಲಸ. ಗಂಧ ತೇಯುವಾಗ ಅಜ್ಜಿ ಹೇಳುತ್ತಿದ್ದುದೆಲ್ಲ ಇಲ್ಲಿ ಹಾಗೆಯೇ ಸಲ್ಲುತ್ತದೆ: ನೀರು ಆರಬಾರದು, ಕೊರಡನ್ನು ಒತ್ತಬಾರದು, ಅವಸರ ಮಾಡಬಾರದು. ಬಿಟ್ ಟೊಳ್ಳಾಗಿರುವುದರಿಂದ ಒಂದು ತೆಳು ಉಂಗುರವಷ್ಟೇ ಪುಡಿಯಾಗುತ್ತದೆ, ನಡುವಿನ ಗಾಜು ಬಿಲ್ಲೆಯಾಗಿ ಇಡಿಯಾಗಿ ಹೊರಬರುತ್ತದೆ.

ನೀರು ಏಕೆ ಬೇಕು ಎಂಬುದನ್ನು ಬಿಡಿಸಿ ಹೇಳಲೇಬೇಕು. ಗಾಜು ಶಾಖವನ್ನು ಬೇಗ ಹರಡುವುದಿಲ್ಲ. ಬಿಟ್ ತಿರುಗುವ ಉಂಗುರ ಮಾತ್ರ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ತಣ್ಣನೆಯ ಗಾಜು ಹಿಗ್ಗುವುದಿಲ್ಲ. ಸಾದಾ ಗಾಜು ಒಡೆಯಲು ಸುಮಾರು 40 ಡಿಗ್ರಿಯ ವ್ಯತ್ಯಾಸ ಸಾಕು. ಒಣ ಡ್ರಿಲ್ ಅಷ್ಟು ಬಿಸಿ ಕೆಲವೇ ಸೆಕೆಂಡುಗಳಲ್ಲಿ ಹುಟ್ಟಿಸುತ್ತದೆ. ನೀರು ತಣಿಸುತ್ತದೆ, ಸವೆದ ಪುಡಿಯನ್ನು ಹೊರಗೆ ಒಯ್ಯುತ್ತದೆ, ಗಾಜಿನ ಧೂಳು ನಮ್ಮ ಉಸಿರಿಗೆ ಹೋಗದಂತೆ ತಡೆಯುತ್ತದೆ. ಪುಡಿ ಬಿಟ್ಟಿನ ಸುತ್ತ ಗಟ್ಟಿಯಾಗಿ ಸಿಕ್ಕಿಕೊಂಡರೆ ನೀರು ತಳ ಮುಟ್ಟುವುದಿಲ್ಲ. ಅದಕ್ಕಾಗಿ ಅರ್ಧ ನಿಮಿಷಕ್ಕೊಮ್ಮೆ ಬಿಟ್ಟನ್ನು ಸ್ವಲ್ಪ ಎತ್ತಿ ನೀರು ಒಳಗೆ ಹೋಗಲು ಬಿಡಬೇಕು.

ನನ್ನ ಮೊದಲ ಪ್ರಯತ್ನ ಕಟ್ಟಿ ಮುಗಿದಿದ್ದ ತೊಟ್ಟಿಯ ಮೇಲೆ. ಏಳು ನಿಮಿಷ ಎಲ್ಲ ಸರಿಯಾಗಿ ನಡೆಯಿತು. ಇನ್ನೇನು ಮುಗಿಯಿತು ಎಂದು ಕೈ ತಾನಾಗಿ ಸ್ವಲ್ಪ ಒತ್ತಿತು. ಟಕ್ ಎಂದು ಒಂದೇ ಸದ್ದು, ತೂತಿನಿಂದ ಮೇಲಂಚಿನವರೆಗೆ ಕೂದಲೆಳೆಯಂಥ ಗೆರೆ. ಅಂಥ ಗೆರೆಯನ್ನು ಸಿಲಿಕೋನ್ ಅಂಟು ಮುಚ್ಚಬಲ್ಲದೇ ಹೊರತು ಬೆಸೆಯಲಾರದು. ಆ ಗಾಜನ್ನೇ ಬದಲಿಸಬೇಕಾಯಿತು. ಮೊದಲು ಹೇಳಿದ ವಾಕ್ಯಕ್ಕೆ ಇಲ್ಲಿ ಹಿಂತಿರುಗಬೇಕು. ಕೊನೆಯ ಅರ್ಧ ಮಿಲಿಮೀಟರ್ ಉಳಿದಾಗ ಮೇಲಿನ ಒತ್ತು ಆ ತೆಳು ಪದರವನ್ನು ಕೆಳಕ್ಕೆ ಬಾಗಿಸುತ್ತದೆ, ಅದರ ಅಡಿಮೈ ಎಳೆಸಿಕೊಳ್ಳುತ್ತದೆ, ಒಡೆತ ಅಲ್ಲಿಂದ ಹೊರಡುತ್ತದೆ. ದೊಡ್ಡ ಗಾಜಿನ ಕಾರ್ಖಾನೆಗಳ ಯಂತ್ರಗಳು ಅರ್ಧ ದಪ್ಪವನ್ನು ಒಂದು ಕಡೆಯಿಂದ, ಇನ್ನರ್ಧವನ್ನು ಇನ್ನೊಂದು ಕಡೆಯಿಂದ ಕೊರೆಯುವುದು ಇದೇ ಕಾರಣಕ್ಕೆ.

ಆದ್ದರಿಂದ ಭಾವನ ತೊಟ್ಟಿಗೆ ಕ್ರಮ ಬದಲಿಸಿದೆ. ಹಿಂಬದಿಯ ಗಾಜನ್ನು ಮಾತ್ರ ಮೊದಲು ಕೊಂಡೆವು, ಕೊರೆದ ಮೇಲೆ ತೊಟ್ಟಿ ಕಟ್ಟುವವರಿಗೆ ಕೊಡುವುದು ಎಂದು ಮಾತಾಯಿತು. ಒಡೆದರೆ ಹೋಗುವುದು ಒಂದು ಹಲಗೆ, ಇಡೀ ತೊಟ್ಟಿಯಲ್ಲ. ಹದಿಮೂರೂವರೆ ಕಿಲೋದ ಹಲಗೆಯನ್ನು ಇಬ್ಬರೂ ಹಿಡಿದು ನಮ್ಮ ಕಟ್ಟಡದ ಟೆರೇಸಿಗೆ ಒಯ್ದೆವು. ನೆಲ ಸಮವಾಗಿರುವ ಕಡೆ ಥರ್ಮೊಕೋಲ್ ಹಾಸಿ ಅದರ ಮೇಲೆ ಗಾಜು ಮಲಗಿಸಿದೆವು. ಕೆಳಗೊಂದು ಮರಳಿನ ಕಾಳು ಸಿಕ್ಕಿಕೊಂಡರೂ ಅದು ಒತ್ತುವ ಬಿಂದುವಾಗುತ್ತದೆ ಎಂದು ಭಾವನೇ ಎರಡು ಸಲ ಗುಡಿಸಿದರು. ಅಡಿಮೈಗೆ ಅಗಲ ಟೇಪ್ ಎರಡು ಪದರ ಅಂಟಿಸಿದ್ದೆ. ಬಿಲ್ಲೆ ಹಿಡಿಯಲು, ಕೊನೆಯ ಚಕ್ಕೆ ಏಳದಂತೆ ತಡೆಯಲು ಅದು ಬೇಕು.

ಕೋರ್ ಬಿಟ್ಟಿಗೆ ನಡುವೆ ಮೊನೆ ಇಲ್ಲದ್ದರಿಂದ ಶುರುವಿನಲ್ಲಿ ಜಾರಿ ಓಡುತ್ತದೆ, ಗಾಜಿನ ಮೈತುಂಬ ಗೀರು ಎಳೆಯುತ್ತದೆ. ಒಂದು ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ತೂತು ಮಾಡಿ, ಗಾಜಿನ ಮೇಲೆ ಟೇಪಿನಿಂದ ಭದ್ರವಾಗಿ ಕೂರಿಸಿ, ಅದರೊಳಗೆ ಬಿಟ್ ಇಳಿಸಿದರೆ ಈ ತೊಂದರೆಯಿಲ್ಲ. ಒಂದು ಮಿಲಿಮೀಟರ್ ಆಳದ ಕಾಲುವೆಯಾದ ಮೇಲೆ ಪ್ಲೈವುಡ್ ತೆಗೆದು, ಮಕ್ಕಳು ಆಡುವ ಕ್ಲೇಯಿಂದ ಸುತ್ತಲೂ ಬೆರಳೆತ್ತರದ ಕಟ್ಟೆ ಕಟ್ಟಿ ನೀರು ತುಂಬಿದೆ. ಡ್ರಿಲ್ ಬ್ಯಾಟರಿಯದು. ನೀರಿನ ಪಕ್ಕದಲ್ಲಿ ವೈರಿನ ಡ್ರಿಲ್ ಹಿಡಿಯುವವರ ಮನೆಯಲ್ಲಿ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೂ ನನಗೆ ಸಮಾಧಾನವಿಲ್ಲ. ಸುತ್ತಿಗೆ ಗುರುತಿನ ಗುಂಡಿ, ಅಂದರೆ ಗೋಡೆ ಕೊರೆಯುವಾಗ ಬಳಸುವ ಕುಟ್ಟುವ ಕ್ರಮ, ಕಡ್ಡಾಯವಾಗಿ ಆರಿರಬೇಕು. ಒಂದು ಕುಟ್ಟಿಗೆ ಗಾಜಿನ ಕಥೆ ಮುಗಿಯುತ್ತದೆ. ವೇಗ ನಿಮಿಷಕ್ಕೆ ಐನೂರು ಸುತ್ತಿನ ಆಸುಪಾಸು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು.

ನೀರು ಕ್ರಮೇಣ ಬೆಳ್ಳಗಾಯಿತು, ಆಮೇಲೆ ಅಕ್ಕಿ ತೊಳೆದ ನೀರಿನಂತೆ, ಆಮೇಲೆ ನಿಜವಾಗಿಯೂ ತೇಯ್ದ ಗಂಧದಂತೆ. ಡ್ರಿಲ್ಲಿನ ಭಾರವೇ ಸಾಕು, ಮೇಲೆ ಒತ್ತುವ ಅಗತ್ಯವಿಲ್ಲ. ಸದ್ದನ್ನು ಕೇಳುತ್ತಿರಬೇಕು. ಸಮನಾದ ಗುರುಗುಟ್ಟುವಿಕೆ ಇದ್ದರೆ ಕೆಲಸ ಸಾಗುತ್ತಿದೆ ಎಂದರ್ಥ, ಕಿರುಚಿದರೆ ನೀರು ತಳ ಮುಟ್ಟುತ್ತಿಲ್ಲ. ಆರು ನಿಮಿಷದ ಹೊತ್ತಿಗೆ ಸದ್ದಿನ ದನಿ ಇಳಿಯಿತು. ಆಗ ಒತ್ತನ್ನು ಇನ್ನೂ ಕಡಿಮೆ ಮಾಡಿ, ಡ್ರಿಲ್ಲನ್ನು ಎರಡೂ ಕೈಯಲ್ಲಿ ತುಸು ಮೇಲಕ್ಕೆ ತೂಗಿ ಹಿಡಿದೆ. ಕೊನೆಯ ಒಂದೂವರೆ ನಿಮಿಷ ಅತಿ ನಿಧಾನ. ಬಿಲ್ಲೆ ಟೇಪಿಗೆ ಅಂಟಿಕೊಂಡೇ ಬಿಡಿಸಿಕೊಂಡಿತು. ಎರಡನೆಯ ತೂತೂ ಹಾಗೆಯೇ ಆಯಿತು.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಅಂಚಿನಲ್ಲಿ ಎದ್ದ ಸಣ್ಣ ಚಕ್ಕೆಗಳೇ ಮುಂದೆ ಬಿರುಕಿನ ಬೀಜ. ನೀರಿನಲ್ಲಿ ಬಳಸುವ 400 ನಂಬರಿನ ಮರಳುಕಾಗದ ಹಿಡಿದು, ನೀರು ಸುರಿಯುತ್ತ, ತೂತಿನ ಒಳಗೋಡೆಯನ್ನೂ ಎರಡೂ ಅಂಚುಗಳನ್ನೂ ಬೆರಳಿಗೆ ನುಣುಪಾಗುವವರೆಗೆ ಉಜ್ಜಬೇಕು. ಚಕ್ಕೆ ವಾಶರ್‌ನ ಅಗಲದೊಳಗೆ ಮುಚ್ಚಿಹೋಗುವಷ್ಟಿದ್ದರೆ ಚಿಂತೆಯಿಲ್ಲ. ಗೆರೆಯಾಗಿ ಓಡಿದ್ದರೆ, ಎಷ್ಟು ಚಿಕ್ಕದಾದರೂ ಸರಿ, ಆ ಗಾಜು ತೊಟ್ಟಿಗೆ ಬೇಡ.

ನಿಪ್ಪಲ್ ಕೂರಿಸುವುದು ಐದು ನಿಮಿಷದ ಕೆಲಸ. ರಬ್ಬರ್ ವಾಶರ್ ತಲೆಯ ಕಡೆಗೆ, ನೀರಿರುವ ಒಳಮೈಗೆ. ನಟ್ಟನ್ನು ಕೈಯಿಂದ ಬಿಗಿ ಮಾಡಿ ಮೇಲೆ ಕಾಲು ಸುತ್ತು, ಅಷ್ಟೇ. ಪಾನಾ ಹಾಕಿ ಬಿಗಿದು ಗಾಜು ಒಡೆದುಕೊಂಡವರನ್ನು ನೋಡಿದ್ದೇನೆ. ಸಿಲಿಕೋನ್ ಬಳಿಯುವುದೂ ಬೇಡ, ರಬ್ಬರ್ ತಾನೇ ಒತ್ತಿಕೊಂಡು ನೀರು ತಡೆಯುತ್ತದೆ.

ಕರೆಂಟು ಹೋದಾಗ

ತೊಟ್ಟಿ ಕಟ್ಟಿ ಹೋಟೆಲಿಗೆ ಬಂದ ಮೇಲೆ ಭಾವನ ಪ್ರಶ್ನೆ ಬದಲಾಗಿತ್ತು. "ರಾತ್ರಿ ಯಾರೂ ಇಲ್ಲದಾಗ ಕರೆಂಟು ಹೋಗಿ ಬಂದರೆ ಏನಾಗುತ್ತದೆ?" ತೂತಿಗಿಂತ ಇದು ಒಳ್ಳೆಯ ಪ್ರಶ್ನೆ. ನೆಲಕ್ಕೆ ನೀರು ಚೆಲ್ಲುವುದು ಸಾಮಾನ್ಯವಾಗಿ ಲೆಕ್ಕ ಹಾಕದ ಕಡೆಯಿಂದ.

ಪಂಪ್ ನಿಂತಾಗ ಮೇಲಿನ ನೀರು ಎಲ್ಬೋದ ಬಾಯಿಯವರೆಗೆ ಇಳಿಯುತ್ತದೆ. ಜೊತೆಗೆ ಪಂಪಿನ ಪೈಪ್ ಸೈಫನ್ ಆಗಿ, ತನ್ನ ಬಾಯಿ ನೀರಿನಿಂದ ಹೊರಬರುವವರೆಗೆ ನೀರನ್ನು ಕೆಳಕ್ಕೆ ಎಳೆಯುತ್ತದೆ. ಈ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ 5.4 ಲೀಟರ್. ಪೈಪಿನ ಬಾಯಿಯನ್ನು ನೀರಿನ ಮಟ್ಟದಿಂದ ಮೂರು ಸೆಂಟಿಮೀಟರ್ ಕೆಳಗಷ್ಟೇ ಇಟ್ಟೆವು, ಹಾಗಾಗಿ 16 ಲೀಟರ್ ಚಿಲ್ಲರೆ. ಅದನ್ನು ತಳದವರೆಗೆ ಇಳಿಬಿಟ್ಟಿದ್ದರೆ ಇಡೀ ತೊಟ್ಟಿಯೇ ಸಂಪಿಗೆ ಬಂದು ನೆಲಕ್ಕೆ ಹರಿಯುತ್ತಿತ್ತು. ಹಿಮ್ಮುಖ ಹರಿವು ತಡೆಯುವ ವಾಲ್ವ್ ಸಿಗುತ್ತದೆ, ಆದರೆ ಅದರ ಬಾಗಿಲಿಗೆ ಒಂದು ಪಾಚಿಯ ಎಳೆ ಸಿಕ್ಕಿದರೂ ಅದು ಮುಚ್ಚುವುದಿಲ್ಲ. ಅದರ ಮೇಲೆ ಭಾರ ಹಾಕಬೇಡಿ. ನಮ್ಮ ಸಂಪಿನ ತಳ 75 ಸೆಂಟಿಮೀಟರ್ ಉದ್ದ, 35 ಅಗಲ, ಹಾಗಾಗಿ ಆ 16 ಲೀಟರ್ ಬಂದರೆ ನೀರು ಆರು ಸೆಂಟಿಮೀಟರ್ ಏರುತ್ತದೆ. 40 ಸೆಂಟಿಮೀಟರ್ ಎತ್ತರದ ಸಂಪಿನಲ್ಲಿ ಅರ್ಧ ಮಾತ್ರ ನೀರು ತುಂಬಿದ್ದೆವು.

ಎದುರು ದಿಕ್ಕಿನ ಲೆಕ್ಕವೂ ಬೇಕು. ಎರಡೂ ತೂತುಗಳು ಮುಚ್ಚಿಹೋದವು ಎಂದುಕೊಳ್ಳಿ. ಸಂಪಿನಲ್ಲಿ ಪಂಪ್ ಕೂರುವ ಕೋಣೆಯ ನೀರನ್ನು ಅದು ಪೂರ್ತಿ ಮೇಲಕ್ಕೆ ಕಳಿಸುತ್ತದೆ, ಅದು ಸುಮಾರು ಹತ್ತು ಲೀಟರ್. ಮೇಲಿನ ತೊಟ್ಟಿಯಲ್ಲಿ ಅಂಚಿನವರೆಗೆ ನಾಲ್ಕು ಸೆಂಟಿಮೀಟರ್ ಖಾಲಿ ಇದೆ, ಅಂದರೆ 21 ಲೀಟರಿನ ಜಾಗ. ಚೆಲ್ಲುವುದಿಲ್ಲ.

ಸದ್ದಿನ ಬಗ್ಗೆ ಒಂದು ಮಾತು. ಪೈಪಿನಲ್ಲಿ ನೀರಿನ ಜೊತೆ ಗಾಳಿಯೂ ಇಳಿದರೆ ಗೊಳಗೊಳ ಶಬ್ದ, ಹರಿಯುವ ನೀರೂ ಕಡಿಮೆ. ಪೈಪ್ ಪೂರ್ತಿ ತುಂಬಿ ಸೈಫನ್ ಆದರೆ ಶಬ್ದವಿಲ್ಲ, ಅದೇ ಪೈಪ್ ಹಲವು ಪಟ್ಟು ನೀರು ಒಯ್ಯುತ್ತದೆ. ಮೊದಲ ಪೈಪಿಗೆ ಒಂದು ಗೇಟ್ ವಾಲ್ವ್ ಹಾಕಿ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದರೆ ಗಾಳಿ ಎಳೆಯುವುದು ನಿಲ್ಲುವ ಒಂದು ಹದ ಸಿಗುತ್ತದೆ. ಅದರ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಮುಳುಗಬಾರದು, ಮುಳುಗಿದರೆ ಮತ್ತೆ ಶುರುವಾಗುವಾಗ ಒಳಗಿನ ಗಾಳಿ ಹೊರಬರಲು ತಿಣುಕುತ್ತದೆ. ಆಪತ್ತಿನ ಪೈಪಿನ ತುದಿಯನ್ನು ಮಾತ್ರ ನೀರಿನಿಂದ ಮೇಲೆಯೇ ಬಿಡಿ. ಅದರಿಂದ ನೀರು ಬೀಳುವ ಸದ್ದು ಕೇಳಿದರೆ ಮೊದಲನೆಯದು ಕಟ್ಟಿಕೊಂಡಿದೆ ಎಂದು ತಿಳಿಯುತ್ತದೆ.

ತೊಟ್ಟಿಯನ್ನು ಮೀನಿಲ್ಲದೆ ಎರಡು ದಿನ ತುಂಬಿಟ್ಟೆವು. ನಿಪ್ಪಲ್ ಸುತ್ತ ಕಾಗದದ ಕರವಸ್ತ್ರ ಒತ್ತಿ ನೋಡಿದರೆ ಒಣಗಿಯೇ ಇತ್ತು. ಎರಡನೆಯ ರಾತ್ರಿ ಹನ್ನೊಂದಕ್ಕೆ ಶಟರ್ ಅರ್ಧ ಎಳೆದು, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟು, ಹುಡುಗರೂ ಬಂದು ಸುತ್ತ ನಿಂತರು. ಸಂಪಿನ ಗಾಜಿನ ಮೇಲೆ ತಳದಿಂದ 30 ಸೆಂಟಿಮೀಟರಿಗೆ ಮಾರ್ಕರ್‌ನಿಂದ ಕೆಂಪು ಗೆರೆ ಎಳೆದೆ. ಭಾವ ಕೂತಲ್ಲಿಂದ ಕೈ ಚಾಚಿ ಪಂಪಿನ ಸ್ವಿಚ್ ಆರಿಸಿದರು. ಮೇಲೆ ನೀರು ಇಳಿಯತೊಡಗಿತು, ಪಂಪಿನ ಪೈಪ್ ಒಮ್ಮೆ ಸೊರ್ ಎಂದು ಗಾಳಿ ಎಳೆದುಕೊಂಡು ಸುಮ್ಮನಾಯಿತು. ಕೆಳಗೆ ಸಂಪಿನ ನೀರು ಏರಿ ಏರಿ, ಕೆಂಪು ಗೆರೆಗೆ ಎರಡು ಬೆರಳು ಇರುವಾಗ ನಿಂತಿತು. ಭಾವ ಬಗ್ಗಿ ಆ ಎರಡು ಬೆರಳಿನ ಜಾಗವನ್ನು ತಮ್ಮ ಬೆರಳಿಟ್ಟು ಅಳೆದು ನೋಡಿದರು, ಆಮೇಲೆ ಸ್ವಿಚ್ ಹಾಕಿದರು.